ಮನೆಯವರಿಗೆ ಸೈಕಲ್ ಕೊಡುವ ಮುನ್ನ: ಬ್ರೇಕ್ ಬಗ್ಗೆ ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ನನ್ನದು ವಿ-ಬ್ರೇಕ್ ಇರುವ 26 ಇಂಚಿನ ಗೇರ್ ಸೈಕಲ್. ಅಕ್ಕನ ಮಗ ಪಿಯುಸಿಗೆ ಸೇರಿದ್ದಾನೆ, ಕಾಲೇಜು ಮನೆಯಿಂದ 5 ಕಿ.ಮೀ. ಒಂದು ವರ್ಷದ ಮಟ್ಟಿಗೆ ಅವನಿಗೆ ಸೈಕಲ್ ಕೊಡೋಣವೆಂದಿದ್ದೇನೆ. ಭಾವನವರು ಮಾತ್ರ ‘ಮಳೆಗಾಲದಲ್ಲಿ ವಿ-ಬ್ರೇಕ್ ಹಿಡಿಯೋದಿಲ್ಲ, ಡಿಸ್ಕ್ ಹಾಕಿಸಿ ಕೊಡು’ ಎಂದು ಪಟ್ಟು ಹಿಡಿದಿದ್ದಾರೆ. ಹಾಕಿಸಬೇಕೆ?
— ಓದುಗರು, ಶಿವಮೊಗ್ಗ

ಉತ್ತರ: ಹಾಕಿಸಬೇಡಿ. ನಿಮ್ಮ ಭಾವನವರ ಆತಂಕ ಸರಿಯಾದದ್ದೇ, ಪರಿಹಾರ ಮಾತ್ರ ಸರಿಯಿಲ್ಲ.

ವಿ-ಬ್ರೇಕ್ ಎಂದರೆ ಎರಡು ತೋಳುಗಳು ರಿಮ್ಮನ್ನು, ಅಂದರೆ ಟೈರು ಕೂರುವ ಲೋಹದ ಬಳೆಯನ್ನು, ಎರಡೂ ಪಕ್ಕದಿಂದ ರಬ್ಬರಿನಿಂದ ಒತ್ತುವ ಬ್ರೇಕು; ಡಿಸ್ಕ್ ಎಂದರೆ ಗಾಲಿಯ ನಡುವಿನ ಲೋಹದ ತಟ್ಟೆಯನ್ನು ಹಿಡಿಯುವ ಬ್ರೇಕು. ರಿಮ್ ಒದ್ದೆಯಾಗಿದ್ದಾಗ ಬ್ರೇಕ್ ರಬ್ಬರ್ ಮೊದಲು ನೀರು ಒರೆಸಬೇಕು, ಆಮೇಲಷ್ಟೇ ಹಿಡಿತ ಸಿಗುತ್ತದೆ. 26 ಇಂಚಿನ ಗಾಲಿ ಒಂದು ಸುತ್ತಿಗೆ ಸುಮಾರು 2 ಮೀಟರ್ ಮುಂದೆ ಹೋಗುತ್ತದೆ. ಅಲ್ಯುಮಿನಿಯಂ ರಿಮ್ ಆದರೆ ಒಂದೆರಡು ಸುತ್ತಿನಲ್ಲಿ ಬ್ರೇಕ್ ಕಚ್ಚುತ್ತದೆ. ಕ್ರೋಮ್ ಹೊಳಪಿನ ಸ್ಟೀಲ್ ರಿಮ್ ಆದರೆ ನೀರು ಒರೆಸಿಹೋದ ಮೇಲೂ ಹಿಡಿತ ಸಾಲದು. ಆದ್ದರಿಂದ ಮೊದಲು ರಿಮ್ ನೋಡಿ. ಫ್ರಿಜ್ ಬಾಗಿಲಿಗೆ ಅಂಟಿಸುವ ಆಯಸ್ಕಾಂತವನ್ನು ರಿಮ್‌ಗೆ ಹಿಡಿಯಿರಿ; ಕಚ್ಚಿಕೊಂಡರೆ ಅದು ಸ್ಟೀಲು. ಹಾಗಿದ್ದರೆ ಡಿಸ್ಕಿಗೆಂದು ಎತ್ತಿಟ್ಟ ದುಡ್ಡಿನಲ್ಲಿ ಮುಂದಿನ ಗಾಲಿಗಾದರೂ ಅಲ್ಯುಮಿನಿಯಂ ರಿಮ್ ಕಟ್ಟಿಸಿ. ಮಳೆಯ ಭಯಕ್ಕೆ ಅಷ್ಟು ಸಾಕು.

ವಿ-ಬ್ರೇಕ್ ಸೈಕಲ್ಲಿಗೆ ಡಿಸ್ಕ್ ಏರಿಸುವುದು ಬಲ್ಬ್ ಬದಲಿಸಿದಷ್ಟು ಸುಲಭವಲ್ಲ. ಕ್ಯಾಲಿಪರ್ (ತಟ್ಟೆಯನ್ನು ಎರಡು ಪ್ಯಾಡ್‌ಗಳಿಂದ ಹಿಡಿಯುವ ಭಾಗ) ಕೂರುವ ಕಿವಿ ಫ್ರೇಮಿನಲ್ಲೂ ಫೋರ್ಕಿನಲ್ಲೂ (ಮುಂದಿನ ಗಾಲಿ ಹಿಡಿಯುವ ಕವೆ) ಮೊದಲೇ ಇರಬೇಕು, ಗಾಲಿಯ ನಡುವಿನ ಹಬ್‌ನಲ್ಲಿ ರೋಟರ್ (ಆ ಲೋಹದ ತಟ್ಟೆ) ಬಿಗಿಯಲು ಜಾಗವಿರಬೇಕು. ಕಿವಿಯಿಲ್ಲದ ಫ್ರೇಮಿಗೆ ಕ್ಲಾಂಪ್ ಸುತ್ತಿ ಕೂರಿಸುವ ಪಟ್ಟಿಗಳು ಮಾರುಕಟ್ಟೆಯಲ್ಲಿ ಸಿಗುತ್ತವೆ. ದಯವಿಟ್ಟು ಅವುಗಳ ತಂಟೆಗೆ ಹೋಗಬೇಡಿ. ಡಿಸ್ಕ್ ಬ್ರೇಕ್ ಹಿಡಿದಾಗ ಅಷ್ಟೂ ಒತ್ತಡ ಫೋರ್ಕಿನ ಎಡಗಾಲಿನ ತುದಿಯ ಮೇಲೆ ಬೀಳುತ್ತದೆ. ಆ ಪಟ್ಟಿ ಸಡಿಲಗೊಂಡು ತಿರುಗಿದರೆ ಕ್ಯಾಲಿಪರ್ ನೇರ ಕಡ್ಡಿಗಳೊಳಗೆ ಹೋಗಿ ಗಾಲಿ ಅಲ್ಲೇ ನಿಲ್ಲುತ್ತದೆ, ಹುಡುಗ ಹ್ಯಾಂಡಲ್ ಮೇಲಿಂದ ಮುಂದಕ್ಕೆ ಹಾರುತ್ತಾನೆ. ಕ್ರಮವಾಗಿ ಮಾಡಿಸಬೇಕೆಂದರೆ ಗಾಲಿ, ಹಬ್, ಫೋರ್ಕ್ ಎಲ್ಲವೂ ಹೊಸದಾಗಬೇಕು. ಅಗ್ಗದ ವೈರ್ ಡಿಸ್ಕಿನಲ್ಲಿ ಇನ್ನೊಂದು ತೊಡಕಿದೆ: ಹೆಚ್ಚಿನವುಗಳಲ್ಲಿ ಒಂದು ಪ್ಯಾಡ್ ಮಾತ್ರ ಚಲಿಸುತ್ತದೆ, ಒಳಗಡೆಯದನ್ನು ಸವೆದಂತೆಲ್ಲ ಕೈಯಿಂದಲೇ ಮುಂದಕ್ಕೆ ತರಬೇಕು. ಅದನ್ನು ಮಾಡದ ಡಿಸ್ಕಿಗಿಂತ ಸರಿಯಾಗಿ ಕೂರಿಸಿದ ವಿ-ಬ್ರೇಕ್ ಎಷ್ಟೋ ವಾಸಿ.

ಈಗ ಆ ವಿ-ಬ್ರೇಕನ್ನು ಸರಿಯಾಗಿ ಕೂರಿಸುವ ಬಗೆ. 5 ಮಿ.ಮೀ. ಅಲೆನ್ ಕೀ ಒಂದಿದ್ದರೆ ಮುಕ್ಕಾಲು ಕೆಲಸ ಮನೆಯಲ್ಲೇ ಆಗುತ್ತದೆ. ರಬ್ಬರಿನ ಮೇಲಿನ ಗೆರೆಗಳು ಅಳಿಸಿಹೋಗಿದ್ದರೆ, ಅಥವಾ ಉಗುರು ಒತ್ತಿದರೂ ಗುರುತು ಬೀಳದಷ್ಟು ಗಟ್ಟಿಯಾಗಿದ್ದರೆ ಹೊಸದು ಹಾಕಿ. ಚೆನ್ನಾಗಿದ್ದರೂ ಬಿಚ್ಚಿ ನೋಡಿ. ಮಲೆನಾಡಿನ ಕೆಂಪು ಕೆಸರಿನ ಹರಳು ಮತ್ತು ರಿಮ್‌ನಿಂದ ಎದ್ದ ಲೋಹದ ಚೂರು ರಬ್ಬರಿನೊಳಗೆ ಹೂತು ಮಿಣುಗುತ್ತಿರುತ್ತವೆ. ಸೂಜಿಯಿಂದ ಒಂದೊಂದನ್ನೂ ಕಿತ್ತು ತೆಗೆಯಿರಿ, ಇಲ್ಲವಾದರೆ ಅವೇ ರಿಮ್ಮನ್ನು ಕೊರೆಯುತ್ತವೆ. ರಿಮ್‌ನ ಪಕ್ಕವನ್ನು ಬೆರಳಿನಿಂದ ಸವರಿದಾಗ ತಗ್ಗು ಸಿಕ್ಕರೆ ರಿಮ್ ಮುಗಿದಿದೆ ಎಂದರ್ಥ. ಅಂಥ ಗಾಲಿಯನ್ನು ಯಾರಿಗೂ ಕೊಡಬೇಡಿ.

ರಬ್ಬರಿನ ಮೇಲಂಚು ರಿಮ್‌ನ ಮೇಲಂಚಿಗಿಂತ 1 ಮಿ.ಮೀ. ಕೆಳಗಿರಲಿ. ಟೈರಿಗೆ ತಾಗಿದರೆ ಕೆಲವೇ ದಿನದಲ್ಲಿ ಟೈರಿನ ಪಕ್ಕ ಕೊಯ್ದು ಟ್ಯೂಬ್ ಸಿಡಿಯುತ್ತದೆ. ವಿ-ಬ್ರೇಕಿನ ರಬ್ಬರ್ ಸವೆದಂತೆ ತುಸು ತುಸುವೇ ಕೆಳಕ್ಕೆ, ಕಡ್ಡಿಗಳ ಕಡೆಗೆ ಜಾರುತ್ತದೆ. ಹೀಗಾಗಿ ತಿಂಗಳಿಗೊಮ್ಮೆ ನೋಡುವುದು ಒಳ್ಳೆಯದು. ಬ್ರೇಕ್ ಕಿರುಚುತ್ತಿದ್ದರೆ ರಬ್ಬರಿನ ಹಿಂದಿನ ತುದಿಗೆ ತೆಳು ರಬ್ಬರ್ ಬ್ಯಾಂಡ್ ಸುತ್ತಿ, ಲಿವರ್ ಒತ್ತಿಹಿಡಿದು ಬೋಲ್ಟ್ ಬಿಗಿದು, ಬ್ಯಾಂಡ್ ತೆಗೆಯಿರಿ. ಆಗ ಮುಂದಿನ ತುದಿ ಮೊದಲು ತಾಗಿ ಕಿರುಚಾಟ ನಿಲ್ಲುತ್ತದೆ. ರಿಮ್‌ಗೂ ರಬ್ಬರಿಗೂ ಎರಡೂ ಕಡೆ 1.5ರಿಂದ 2 ಮಿ.ಮೀ. ಅಂತರವಿರಲಿ. ಒಂದೇ ಕಡೆ ಉಜ್ಜುತ್ತಿದ್ದರೆ ಆ ಕಡೆಯ ತೋಳಿನ ಬುಡದಲ್ಲಿರುವ ಸಣ್ಣ ಸ್ಕ್ರೂ ಅರ್ಧ ಸುತ್ತು ಬಿಗಿಯಿರಿ, ತೋಳು ಹೊರಕ್ಕೆ ಸರಿಯುತ್ತದೆ. ಬ್ರೇಕ್ ವೈರಿನ ಒಂದು ಎಳೆ ಬಿಟ್ಟಿದ್ದರೂ ಇಡೀ ವೈರ್ ಬದಲಿಸಿ. ಅದು ಕಿತ್ತುಹೋಗುವುದು ಸಾಮಾನ್ಯವಾಗಿ ಲಿವರಿನೊಳಗೆ, ವೈರಿನ ತುದಿಯ ಗುಂಡಿನ ಬಳಿ, ಹೊರಗೆ ಕಾಣುವುದಿಲ್ಲ. ಲಿವರ್ ಒತ್ತಿ ಒಳಗೆ ಇಣುಕಿ ನೋಡಬೇಕು.

ಹುಡುಗನ ಕೈ ನಿಮ್ಮ ಕೈಯಷ್ಟು ದೊಡ್ಡದಿರಲಾರದು. ಲಿವರಿನ ಬುಡದಲ್ಲಿ 2 ಅಥವಾ 2.5 ಮಿ.ಮೀ. ಕೀ ಹೋಗುವ ಒಂದು ಪುಟ್ಟ ಸ್ಕ್ರೂ ಇರುತ್ತದೆ. ಅದನ್ನು ಬಿಗಿದಷ್ಟೂ ಲಿವರ್ ಹಿಡಿಯ ಹತ್ತಿರ ಬರುತ್ತದೆ. ಎರಡು ಬೆರಳಿನ ಮೊದಲ ಗೆಣ್ಣು ಸಲೀಸಾಗಿ ಲಿವರಿನ ಮೇಲೆ ಕೂರುವಂತೆ ಅವನನ್ನೇ ಕೂರಿಸಿಕೊಂಡು ಸರಿಮಾಡಿ. ಡಿಸ್ಕೋ ವಿ-ಬ್ರೇಕೋ ಎಂಬ ಚರ್ಚೆಗಿಂತ ಈ ಒಂದು ಸ್ಕ್ರೂ ಅವನನ್ನು ಹೆಚ್ಚು ಕಾಪಾಡುತ್ತದೆ. ಆಮೇಲೆ ಪರೀಕ್ಷೆ: ಪೂರ್ತಿ ಒತ್ತಿದಾಗ ಲಿವರಿಗೂ ಹಿಡಿಗೂ 2 ಸೆಂ.ಮೀ. ಜಾಗ ಉಳಿಯಬೇಕು. ಮುಂದಿನ ಬ್ರೇಕ್ ಒತ್ತಿ ಸೈಕಲ್ ಮುಂದಕ್ಕೆ ತಳ್ಳಿದರೆ ಹಿಂದಿನ ಗಾಲಿ ನೆಲ ಬಿಟ್ಟೇಳಬೇಕು, ಹಿಂದಿನದನ್ನು ಒತ್ತಿದರೆ ಹಿಂದಿನ ಗಾಲಿ ತಿರುಗದೆ ಜಾರಬೇಕು.

ಅವನಿಗೆ ಎರಡು ಮಾತು ಹೇಳಿಕೊಡಿ. ಪಂಕ್ಚರಿಗೆಂದು ಗಾಲಿ ಬಿಚ್ಚುವಾಗ ವಿ-ಬ್ರೇಕಿನ ಮೇಲಿರುವ ಬಾಗಿದ ಲೋಹದ ಕೊಳವೆಯನ್ನು ಕೊಂಡಿಯಿಂದ ಬಿಡಿಸುತ್ತಾರೆ. ಗಾಲಿ ಹಾಕಿದ ಮೇಲೆ ಅದನ್ನು ಮತ್ತೆ ಸಿಕ್ಕಿಸಲು ಮರೆತರೆ ಆ ಗಾಲಿಗೆ ಬ್ರೇಕೇ ಇರುವುದಿಲ್ಲ. ಪಂಕ್ಚರ್ ಅಂಗಡಿಯಿಂದ ಹೊರಡುವ ಮುನ್ನ ಎರಡೂ ಲಿವರ್ ಒಮ್ಮೆ ಒತ್ತಿ ನೋಡುವುದು ಅವನಿಗೆ ಅಭ್ಯಾಸವಾಗಲಿ. ಎರಡನೆಯದು, ಬಿದ್ದು ಲಿವರ್ ಮುರಿದರೆ ಸಿಕ್ಕಿದ ಲಿವರ್ ಹಾಕಿಸಬಾರದು. ವಿ-ಬ್ರೇಕ್ ಲಿವರ್ ಹೆಚ್ಚು ವೈರ್ ಎಳೆಯುತ್ತದೆ, ಹಳೆ ಕ್ಯಾಲಿಪರ್ ಬ್ರೇಕಿನದು (ಡಿಸ್ಕಿನದಲ್ಲ, ರಿಮ್ಮನ್ನು ಇಕ್ಕಳದಂತೆ ಹಿಡಿಯುವ ಬ್ರೇಕು) ಕಡಿಮೆ ಎಳೆಯುತ್ತದೆ. ಅದನ್ನು ಇದಕ್ಕೆ ಹಾಕಿದರೆ ರಬ್ಬರ್ ರಿಮ್ಮನ್ನು ಸರಿಯಾಗಿ ಒತ್ತುವಷ್ಟರಲ್ಲಿ ಲಿವರ್ ಹಿಡಿಗೆ ಬಡಿದಿರುತ್ತದೆ.

ಖರ್ಚಿನ ಮಾತನ್ನು ಮೊದಲೇ ಆಡಿಬಿಡಿ. ಟ್ಯೂಬ್, ಬ್ರೇಕ್ ರಬ್ಬರ್, ವೈರ್, ಚೈನ್ ಓಡಿಸುವವರ ಲೆಕ್ಕಕ್ಕೆ. ಫ್ರೇಮ್, ರಿಮ್, ಬೇರಿಂಗ್ ಒಡೆಯನ ಲೆಕ್ಕಕ್ಕೆ ಎಂದಿಟ್ಟುಕೊಂಡರೆ ಬೇಸರಕ್ಕೆ ಎಡೆಯಿರದು. ಪೆಡಲ್ ಕೂರುವ ಜಾಗದ ಅಡಿಯಲ್ಲಿ ಫ್ರೇಮ್ ನಂಬರ್ ಕೆತ್ತಿರುತ್ತದೆ. ಅದರ ಫೋಟೊ ತೆಗೆದಿಟ್ಟುಕೊಳ್ಳಿ, ಕಳವಾದರೆ ಪೊಲೀಸರು ಮೊದಲು ಕೇಳುವುದು ಅದನ್ನೇ.

ಪ್ರಶ್ನೆ: ಹೈಡ್ರಾಲಿಕ್ ಡಿಸ್ಕ್ ಇರುವ ಸೈಕಲನ್ನು ತಮ್ಮ ಕಾರಿನಲ್ಲಿ ಹಾಕಿಕೊಂಡು ನಂದಿ ಬೆಟ್ಟಕ್ಕೆ ಒಯ್ದಿದ್ದ. ವಾಪಸ್ ಬಂದಾಗ ಮುಂದಿನ ಲಿವರ್ ಹಿಡಿಯವರೆಗೂ ಬರುತ್ತಿದೆ, ಹಿಂದಿನ ಬ್ರೇಕ್ ಕಿರುಚುತ್ತದೆ, ಹಿಡಿಯುವುದಿಲ್ಲ. ‘ಬರೀ ಚೈನಿಗೆ ಎಣ್ಣೆ ಹೊಡೆದೆ, ಬೇರೇನೂ ಮಾಡಿಲ್ಲ’ ಅನ್ನುತ್ತಾನೆ. ಏನಾಗಿದೆ?
— ಓದುಗರು, ಬೆಂಗಳೂರು

ಉತ್ತರ: ಎರಡು ಬೇರೆ ಬೇರೆ ತೊಂದರೆಗಳು, ಎರಡೂ ಸರಿಹೋಗುತ್ತವೆ.

ಮುಂದಿನದು ಗಾಳಿಯ ಸಮಸ್ಯೆ ಇರಬೇಕು. ಹೈಡ್ರಾಲಿಕ್ ಬ್ರೇಕಿನಲ್ಲಿ ವೈರಿನ ಬದಲು ಪೈಪಿನೊಳಗಿನ ಎಣ್ಣೆ ಕೆಲಸ ಮಾಡುತ್ತದೆ. ಲಿವರಿನ ಮೇಲ್ಭಾಗದ ಎಣ್ಣೆ ಕೋಶದಲ್ಲಿ ಸ್ವಲ್ಪ ಗಾಳಿ ಇದ್ದರೆ, ಸೈಕಲನ್ನು ತಲೆಕೆಳಗು ಮಾಡಿ ಮಲಗಿಸಿದಾಗ ಅದು ಪೈಪಿನೊಳಗೆ ನುಗ್ಗುತ್ತದೆ. ಎಣ್ಣೆ ಒತ್ತಡವನ್ನು ಪ್ಯಾಡಿಗೆ ಮುಟ್ಟಿಸುತ್ತದೆ, ಗಾಳಿ ತಾನೇ ಕುಗ್ಗುತ್ತದೆ. ಅದಕ್ಕೇ ಲಿವರ್ ಮೆತ್ತಗೆ ಬರುತ್ತದೆ. ಸೈಕಲ್ ನೆಟ್ಟಗೆ ನಿಲ್ಲಿಸಿ, ಇಪ್ಪತ್ತು ಸಲ ನಿಧಾನವಾಗಿ ಲಿವರ್ ಒತ್ತಿ ಬಿಡಿ, ಆಮೇಲೆ ಲಿವರನ್ನು ಹಿಡಿಗೆ ಬಿಗಿಯಾಗಿ ಕಟ್ಟಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಗಟ್ಟಿಯಾಗಿದ್ದು ಮರುದಿನವೂ ಹಾಗೇ ಉಳಿದರೆ ಸರಿ. ಮತ್ತೆ ಮೆತ್ತಗಾದರೆ ಬ್ಲೀಡಿಂಗ್ (ಪೈಪಿನ ಗಾಳಿ ಹೊರತೆಗೆದು ಎಣ್ಣೆ ತುಂಬುವುದು) ಮಾಡಿಸಲೇಬೇಕು. ಪೈಪಿನ ಜೋಡಣೆಯಲ್ಲೋ ಕ್ಯಾಲಿಪರ್ ಅಡಿಯಲ್ಲೋ ಜಿಡ್ಡು ಕಂಡರೆ ಸೋರಿಕೆಯಿದೆ, ಓಡಿಸಬೇಡಿ. ಬ್ಲೀಡಿಂಗ್‌ಗೆ ಕೊಡುವಾಗ ಯಾವ ಎಣ್ಣೆ ಹಾಕುತ್ತೀರಿ ಎಂದು ಕೇಳಿ: ಶಿಮಾನೊ ಮತ್ತು ಟೆಕ್ಟ್ರೊ ಬ್ರೇಕಿಗೆ ಮಿನರಲ್ ಆಯಿಲ್, ಸ್ರಾಮ್‌ನ ಬಹುಪಾಲು ಬ್ರೇಕಿಗೆ ಡಾಟ್ ದ್ರವ (ಕಾರಿನ ಬ್ರೇಕ್ ಆಯಿಲ್ ಜಾತಿಯದು). ಮಿನರಲ್ ಆಯಿಲ್ ಬ್ರೇಕಿಗೆ ಕಾರಿನ ಬ್ರೇಕ್ ಆಯಿಲ್ ಹಾಕಿದರೆ ಒಳಗಿನ ರಬ್ಬರ್ ಸೀಲ್ ಉಬ್ಬಿ ಬ್ರೇಕೇ ಕೆಡುತ್ತದೆ.

ಹಿಂದಿನದಕ್ಕೆ ಉತ್ತರ ನಿಮ್ಮ ತಮ್ಮನ ಮಾತಿನಲ್ಲೇ ಇದೆ. ಹಿಂದಿನ ಗೇರ್ ಚಕ್ರಗಳ ಮೇಲೆ ಹೊಡೆದ ಸ್ಪ್ರೇ ಕಡ್ಡಿಗಳ ನಡುವಿಂದ ಹಾದು ಎಡಗಡೆಯ ರೋಟರ್ ಮೇಲೆ ಬಿದ್ದಿರುತ್ತದೆ. ಡಿಸ್ಕ್ ಇರುವ ಸೈಕಲ್ಲಿಗೆ ಸ್ಪ್ರೇ ಬೇಡ. ಬಾಟಲಿಯಿಂದ ಚೈನಿನ ಪ್ರತಿ ಕೊಂಡಿಗೆ ಒಂದೊಂದು ಹನಿ ಬಿಟ್ಟು, ಹೊರಗಿನ ಜಿಡ್ಡು ಒರೆಸಿದರೆ ಸಾಕು. ಈಗ ರೋಟರನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ಶುದ್ಧ ಬಟ್ಟೆಯಿಂದ ಎರಡು ಸಲ ಒರೆಸಿ. ಪ್ಯಾಡ್ ಹೊರತೆಗೆದು, ಸಮತಟ್ಟಾದ ಕಲ್ಲಿನ ಮೇಲೆ ಉಪ್ಪುಕಾಗದ ಹಾಸಿ ಮೇಲಿನ ಪದರ ಉಜ್ಜಿ. ಕಪ್ಪಗೆ ಗಾಜಿನಂತೆ ಹೊಳೆಯುತ್ತಿದ್ದರೆ ಇಳಿಜಾರಿನಲ್ಲಿ ಒಂದೇ ಸಮ ಒತ್ತಿಹಿಡಿದು ಕಾಯಿಸಿದ್ದಾನೆ, ಉಜ್ಜಿದರೆ ಸರಿಹೋಗುತ್ತದೆ. ಎಣ್ಣೆ ಹೀರಿಕೊಂಡಿದ್ದರೆ ಉಜ್ಜಿದರೂ ಮತ್ತೆ ಜಿನುಗುತ್ತದೆ, ಎಸೆದು ಹೊಸದು ಹಾಕಿ. ಗ್ಯಾಸ್ ಒಲೆಯ ಮೇಲೆ ಪ್ಯಾಡ್ ಸುಡುವವರಿದ್ದಾರೆ. ಅದು ಬೇಡ, ಹೊಗೆ ಒಳ್ಳೆಯದಲ್ಲ, ಪ್ಯಾಡಿನ ವಸ್ತು ತಗಡಿನಿಂದ ಬಿಟ್ಟುಕೊಳ್ಳಲೂಬಹುದು. ವಸ್ತು 0.5 ಮಿ.ಮೀ.ಗೆ ಇಳಿದಿದ್ದರೆ ಹೇಗೂ ಬದಲಿಸಬೇಕು. ಶಿಮಾನೊ ರೋಟರ್ ಹೊಸದಿದ್ದಾಗ 1.8 ಮಿ.ಮೀ. ದಪ್ಪ, 1.5ಕ್ಕೆ ಬಂದರೆ ಅದಕ್ಕೂ ವಿದಾಯ.

ಹೊಸ ಪ್ಯಾಡ್ ಹಾಕಿದ ಕೂಡಲೇ ಪೂರ್ತಿ ಹಿಡಿತ ನಿರೀಕ್ಷಿಸಬೇಡಿ. ಖಾಲಿ ರಸ್ತೆಯಲ್ಲಿ 20 ಕಿ.ಮೀ. ವೇಗಕ್ಕೆ ಹೋಗಿ, ಗಾಲಿ ಕಚ್ಚದಂತೆ ಒಂದೇ ಸಮ ಒತ್ತಿ ನಡಿಗೆಯ ವೇಗಕ್ಕೆ ಇಳಿಸಿ. ಹೀಗೆ ಇಪ್ಪತ್ತು ಸಲ ಮಾಡಿದರೆ ಪ್ಯಾಡಿನ ತೆಳು ಪದರ ರೋಟರಿಗೆ ಹತ್ತಿ ನಿಜವಾದ ಹಿಡಿತ ಬರುತ್ತದೆ.

ತಮ್ಮನನ್ನು ಬೈಯುವುದು ನ್ಯಾಯವಲ್ಲ. ಗಾಲಿ ಬಿಚ್ಚಿ ಒಯ್ಯುವವರ ಕೈಗೆ ಪ್ಯಾಡ್‌ಗಳ ನಡುವೆ ಸಿಕ್ಕಿಸುವ ಪ್ಲಾಸ್ಟಿಕ್ ತುಂಡನ್ನು ಕೊಟ್ಟೇ ಕಳಿಸಬೇಕು, ಇಲ್ಲದಿದ್ದರೆ ಮಡಚಿದ ರಟ್ಟು ಆದರೂ ಸರಿ. ರೋಟರ್ ಇಲ್ಲದಾಗ ಲಿವರ್ ಒತ್ತಿದರೆ ಪ್ಯಾಡ್ ತಳ್ಳುವ ಪಿಸ್ಟನ್ ಹೊರಬಂದು ಪ್ಯಾಡ್‌ಗಳು ಒಂದಕ್ಕೊಂದು ಅಂಟಿ ನಿಲ್ಲುತ್ತವೆ. ಬೆಟ್ಟ ಇಳಿಯುವ ಕ್ರಮವನ್ನೂ ಹೇಳಿಕೊಡಿ: 1,478 ಮೀಟರ್ ಎತ್ತರದ ಬೆಟ್ಟದಿಂದ ಇಳಿಯುವಾಗ ತಿರುವಿಗೆ ಮುಂಚೆ ಎರಡೂ ಬ್ರೇಕ್ ಗಟ್ಟಿಯಾಗಿ ಒತ್ತಿ ವೇಗ ಇಳಿಸಬೇಕು, ನೇರ ರಸ್ತೆಯಲ್ಲಿ ಬಿಟ್ಟು ತಣಿಯಲು ಅವಕಾಶ ಕೊಡಬೇಕು.

ಪ್ರಶ್ನೆ: ಅಮೆರಿಕದಿಂದ ರಜೆಗೆ ಬಂದ ಅಳಿಯ ನಮ್ಮ ಸೈಕಲ್ ಓಡಿಸಲು ಹೋಗಿ ಬ್ರೇಕ್ ಹಿಡಿದೊಡನೆ ಮುಗ್ಗರಿಸಿದರು. ‘ಇಲ್ಲಿ ಲಿವರ್ ಉಲ್ಟಾ ಹಾಕಿದ್ದಾರೆ’ ಎನ್ನುತ್ತಾರೆ. ಬದಲಿಸಿಬಿಡಲೆ? ಮುಂದಿನ ಬ್ರೇಕ್ ಮುಟ್ಟದಿದ್ದರೆ ಸಾಲದೆ?
— ಓದುಗರು, ಮೈಸೂರು

ಉತ್ತರ: ಉಲ್ಟಾ ಅಲ್ಲ. ನಮ್ಮಲ್ಲೂ ಬ್ರಿಟನ್ನಿನಲ್ಲೂ ಬಲಗೈ ಲಿವರ್ ಮುಂದಿನ ಗಾಲಿಗೆ, ಅಮೆರಿಕದಲ್ಲಿ ಎಡಗೈಯದು ಮುಂದಿನದಕ್ಕೆ. ಅಳಿಯಂದಿರು ಹಿಂದಿನ ಬ್ರೇಕ್ ಎಂದುಕೊಂಡು ಬಲಗೈ ಬಲವಾಗಿ ಒತ್ತಿರುತ್ತಾರೆ. ಮನೆಯಲ್ಲಿ ಬೇರೆಯವರೂ ಅದೇ ಸೈಕಲ್ ಓಡಿಸುವುದಾದರೆ ಬದಲಿಸಬೇಡಿ. ಗೇರ್ ಇಲ್ಲದ ಸ್ಕೂಟರಿನಲ್ಲೂ ಬಲಗೈಯೇ ಮುಂದಿನದು, ಮನೆಮಂದಿಯ ಕೈಗೆ ಅದೇ ರೂಢಿ. ಬಲ ಲಿವರಿಗೆ ಬಣ್ಣದ ಟೇಪ್ ಸುತ್ತಿ, ಖಾಲಿ ಮೈದಾನದಲ್ಲಿ ಅರ್ಧ ಗಂಟೆ ನಿಲ್ಲಿಸುವ ಅಭ್ಯಾಸ ಮಾಡಿಸಿ. ತಿಂಗಳುಗಟ್ಟಲೆ ಅವರೊಬ್ಬರೇ ಓಡಿಸುವುದಾದರೆ ಬದಲಿಸಬಹುದು. ವೈರ್ ಬ್ರೇಕಿನಲ್ಲಿ ವೈರ್‌ಗಳನ್ನು ಅದಲುಬದಲು ಮಾಡಿದರಾಯಿತು, ಹೈಡ್ರಾಲಿಕ್ ಆದರೆ ಪೈಪ್ ಬಿಚ್ಚಿ ಬ್ಲೀಡ್ ಮಾಡಬೇಕಾಗುತ್ತದೆ.

ಮುಂದಿನ ಬ್ರೇಕ್ ಮುಟ್ಟದಿರುವ ಸಲಹೆಯನ್ನು ಮಾತ್ರ ಯಾರಿಗೂ ಕೊಡಬೇಡಿ. ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಕ್ಕೆ ವಾಲಿ ಹಿಂದಿನ ಗಾಲಿ ಹಗುರಾಗುತ್ತದೆ, ಬೇಗ ಜಾರುತ್ತದೆ. ಗಂಟೆಗೆ 20 ಕಿ.ಮೀ. ವೇಗದಲ್ಲಿ, ಒಣ ಟಾರು ರಸ್ತೆಯಲ್ಲಿ, ಹಿಂದಿನದೊಂದನ್ನೇ ಹಿಡಿದರೆ ನಿಲ್ಲಲು 6 ಮೀಟರಿಗಿಂತ ಹೆಚ್ಚು ಬೇಕು. ಎರಡನ್ನೂ ಸರಿಯಾಗಿ ಹಿಡಿದರೆ ಅದರ ಅರ್ಧ ಸಾಕು. ಯಾವ ಜಾತಿಯ ಬ್ರೇಕ್ ಆದರೂ ಈ ಲೆಕ್ಕ ಒಂದೇ. ಮುಗ್ಗರಿಸುವುದು ಮುಂದಿನ ಬ್ರೇಕನ್ನು ಒಮ್ಮೆಲೇ ಜಗ್ಗಿದಾಗ. ಮೊದಲು ಮೆಲ್ಲಗೆ, ಆಮೇಲೆ ಬಿಗಿಯಾಗಿ ಒತ್ತುತ್ತ, ಮೊಣಕೈ ಚಾಚಿ ಸೊಂಟವನ್ನು ಸೀಟಿನ ಹಿಂದಕ್ಕೆ ತಳ್ಳಬೇಕು. ಒದ್ದೆ ರಸ್ತೆ, ಜಲ್ಲಿ ಮತ್ತು ತಿರುವಿನ ನಡುವೆ ಮುಂದಿನದನ್ನು ಹಗುರವಾಗಿ ಮಾತ್ರ ಬಳಸಬೇಕು.

ಪ್ರಶ್ನೆ: ಅಪ್ಪನ ಹಳೆಯ ರಾಡ್ ಬ್ರೇಕ್ ಸೈಕಲನ್ನು ಮಗನಿಗೆ ಕೊಡುವ ಆಸೆ. ಅದಕ್ಕೆ ವಿ-ಬ್ರೇಕ್ ಹಾಕಬಹುದೆ?
— ಓದುಗರು, ಧಾರವಾಡ

ಉತ್ತರ: ಆಗದು. ರಾಡ್ ಬ್ರೇಕಿನ ರಬ್ಬರ್ ರಿಮ್‌ನ ಒಳಮೈಯನ್ನು ಮೇಲಕ್ಕೆ ಎಳೆದು ಒತ್ತುತ್ತದೆ. ಆ ರಿಮ್‌ನ ಪಕ್ಕ ದುಂಡಗಿರುತ್ತದೆ, ವಿ-ಬ್ರೇಕ್ ರಬ್ಬರ್ ಕೂರಲು ಸಪಾಟು ಜಾಗವೇ ಇಲ್ಲ. ಫೋರ್ಕಿನಲ್ಲಿ ತೋಳು ಕೂರಿಸುವ ಗೂಟವೂ ಇಲ್ಲ. 28×1½ ಇಂಚಿನ ಗಾಲಿಯಲ್ಲಿ ಟೈರು ಕೂರುವ ಕಡೆ ರಿಮ್‌ನ ಅಡ್ಡಳತೆ 635 ಮಿ.ಮೀ.; ಈಗ ಸುಲಭವಾಗಿ ಸಿಗುವ 622ರ ಅಲ್ಯುಮಿನಿಯಂ ರಿಮ್ ಹಾಕಿದರೆ ಸುತ್ತಲೂ 6.5 ಮಿ.ಮೀ. ಚಿಕ್ಕದಾಗಿ ಬ್ರೇಕಿನ ಲೆಕ್ಕವೆಲ್ಲ ತಪ್ಪುತ್ತದೆ. ಅದರ ಬದಲು ರಾಡಿನ ಪ್ರತಿ ಕೀಲಿಗೆ ಒಂದು ಹನಿ ಎಣ್ಣೆ ಬಿಡಿ, ಬಾಗಿದ ರಾಡ್ ನೇರ ಮಾಡಿಸಿ, ನಾಲ್ಕೂ ರಬ್ಬರ್ ಹೊಸದು ಹಾಕಿಸಿ. ರಬ್ಬರಿಗೂ ರಿಮ್‌ಗೂ 3 ಮಿ.ಮೀ. ಒಳಗೆ ಅಂತರವಿರಲಿ, ಗಾಲಿ ಓಲಾಡುತ್ತಿದ್ದರೆ ಮೊದಲು ಅದನ್ನು ಸರಿಮಾಡಿಸಿ, ಇಲ್ಲವಾದರೆ ಈ ಅಂತರ ಸಾಧ್ಯವಾಗದು. ಸ್ಟೀಲ್ ರಿಮ್ ಆದ್ದರಿಂದ ಮಳೆ ಬಂದ ದಿನ ಮಗ ಅದನ್ನು ಒಯ್ಯದಿರಲಿ, ಕ್ಯಾರಿಯರ್ ಮೇಲೆ ಗೆಳೆಯನನ್ನು ಕೂರಿಸಿಕೊಂಡು ಇಳಿಜಾರು ಇಳಿಯದಿರಲಿ.