ವೃತ್ತಿ ಸಲಹೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಹದಿನಾರು ವರ್ಷ ಗೋದಾಮಿನ ಉಸ್ತುವಾರಿ ನೋಡಿಕೊಂಡಿದ್ದೆ. ಮೂರು ತಿಂಗಳ ಹಿಂದೆ ಕೆಲಸ ಹೋಯಿತು. ವಯಸ್ಸು 43. ಅರವತ್ತು ಕಡೆ ಅರ್ಜಿ ಹಾಕಿದೆ, ಎರಡೇ ಕರೆ ಬಂದವು. ಗೋದಾಮು ಬಿಟ್ಟರೆ ನನಗೆ ಬೇರೇನೂ ಬರುವುದಿಲ್ಲ. ವೃತ್ತಿ ಸಲಹೆಗಾರರ ಬಳಿ ಹೋದರೆ ಕೆಲಸ ಕೊಡಿಸುತ್ತಾರೆಯೇ?

ಉತ್ತರ: ಕೊಡಿಸುವುದಿಲ್ಲ. ಕೆಲಸಕ್ಕೆ ಜನ ಹುಡುಕುವವರು ಏಜೆನ್ಸಿಯವರು, ಅವರಿಗೆ ಹಣ ಕೊಡುವುದು ಕಂಪನಿ. ಸಲಹೆಗಾರರು ನಿಮ್ಮ ಪರವಾಗಿ ಕೂರುತ್ತಾರೆ. ಮೊದಲ ದಿನವೇ ರೆಸ್ಯೂಮೆ ತಿದ್ದಲು ಹೊರಟರೆ ಅನುಮಾನಪಡಿ. ಉಳಿತಾಯ ಎಷ್ಟು ತಿಂಗಳು ಬರುತ್ತದೆ, ನಿದ್ದೆ ಹೇಗಿದೆ, ಕೆಲಸ ಹೋದದ್ದು ಯಾರಿಗೆಲ್ಲ ಗೊತ್ತು ಎಂಬುದನ್ನು ಮೊದಲು ಕೇಳಬೇಕು. ಬದುಕಿನ ಸ್ಥಿತ್ಯಂತರಗಳನ್ನು ಅಧ್ಯಯನ ಮಾಡಿದ ನ್ಯಾನ್ಸಿ ಶ್ಲಾಸ್‌ಬರ್ಗ್ ನಾಲ್ಕು ಸಂಗತಿ ನೋಡಿ ಎಂದರು: ಪರಿಸ್ಥಿತಿ, ವ್ಯಕ್ತಿ, ಆಸರೆ, ಉಪಾಯ. ಉಳಿತಾಯ ಎರಡೇ ತಿಂಗಳಿಗೆ ಸಾಕಾಗುವಂತಿದ್ದರೆ ಮೊದಲು ಕೈಗೆ ಸಿಕ್ಕ ತಾತ್ಕಾಲಿಕ ಕೆಲಸ, ಜೊತೆಜೊತೆಗೇ ಹುಡುಕಾಟ. ಎಂಟು ತಿಂಗಳಿಗೆ ಸಾಲುವಷ್ಟಿದ್ದರೆ ತರಬೇತಿಯ ಮಾತೂ ಆಡಬಹುದು.

‘ಬೇರೇನೂ ಬರುವುದಿಲ್ಲ’ ಎಂದಿರಲ್ಲ, ಅದಕ್ಕೆ ಬರೋಣ. ಕೌನ್ಸೆಲಿಂಗ್‌ನಲ್ಲಿ ಮಾಡಿಸುವ ಈ ಅಭ್ಯಾಸವನ್ನು ಮನೆಯಲ್ಲೇ ಮಾಡಿ ನೋಡಿ. ದಾಸ್ತಾನು ತಾಳೆಯಾಗದ ಒಂದು ದಿನವನ್ನು ನೆನಪಿಸಿಕೊಂಡು ಒಂದು ಪುಟ ಬರೆಯಿರಿ. ಪುಸ್ತಕದಲ್ಲಿ ಇದ್ದದ್ದಕ್ಕಿಂತ ನಲವತ್ತು ಪೆಟ್ಟಿಗೆ ಕಡಿಮೆ ಎನ್ನೋಣ. ಒಳಬಂದ ರಸೀದಿ, ಹೊರಹೋದ ಚೀಟಿ ಎರಡನ್ನೂ ಎದುರುಬದುರು ಇಟ್ಟು ನೋಡಿದಿರಿ. ಒಂದೇ ಲೋಡು ಎರಡು ಸಲ ನಮೂದಾಗಿತ್ತು. ಸಿಟ್ಟಾಗಿದ್ದ ಚಾಲಕನನ್ನು ಸಮಾಧಾನ ಮಾಡಿದಿರಿ. ಮುಂದೆ ಇಬ್ಬರ ಸಹಿ ಇಲ್ಲದೆ ನಮೂದು ಬೇಡ ಎಂದು ನಿಯಮ ಮಾಡಿ, ಹುಡುಗರಿಗೆ ಕಲಿಸಿದಿರಿ. ಈಗ ಕ್ರಿಯಾಪದಗಳಿಗೆ ಮಾತ್ರ ಗೆರೆ ಎಳೆಯಿರಿ: ತಾಳೆ ನೋಡಿದೆ, ಕಾರಣ ಹಿಡಿದೆ, ಸಮಾಧಾನ ಮಾಡಿದೆ, ನಿಯಮ ಮಾಡಿದೆ, ಕಲಿಸಿದೆ. ಇವು ಯಾವುದೂ ಗೋದಾಮಿಗೇ ಅಂಟಿಕೊಂಡ ಕೆಲಸಗಳಲ್ಲ. ಆಸ್ಪತ್ರೆಯ ಔಷಧ ಸಂಗ್ರಹ, ಕಾರ್ಖಾನೆಯ ಖರೀದಿ ವಿಭಾಗ, ಆಡಿಟ್ ಎಲ್ಲಕ್ಕೂ ಬೇಕು. ಇಂಥ ಆರೇಳು ಪ್ರಸಂಗ ಬರೆದರೆ ಮತ್ತೆ ಮತ್ತೆ ಮರಳುವ ಪದಗಳೇ ನಿಮ್ಮ ಬಂಡವಾಳ. ಕೊನೆಗೆ ಪ್ರತಿ ಪದದ ಮುಂದೆ ‘ಬರುತ್ತದೆ, ಇಷ್ಟ’ ಅಥವಾ ‘ಬರುತ್ತದೆ, ಸಾಕಾಗಿದೆ’ ಎಂದು ಗುರುತು ಹಾಕಿ. ಬಹಳ ಜನ ಈ ಕೊನೆಯ ಹಂತವನ್ನು ಬಿಟ್ಟು, ಬೇಸತ್ತ ಕೆಲಸವನ್ನೇ ಬೇರೆ ಹೆಸರಿನಲ್ಲಿ ಮತ್ತೆ ಹಿಡಿಯುತ್ತಾರೆ.

ಅರವತ್ತಕ್ಕೆ ಎರಡೇ ಕರೆ ಬಂದಿವೆ ಎಂದರೆ ಮೊದಲು ಅನುಮಾನಿಸಬೇಕಾದದ್ದು ರೆಸ್ಯೂಮೆಯನ್ನು, ಇಲ್ಲವೇ ಅರ್ಜಿ ಹಾಕುತ್ತಿರುವ ಜಾಗಗಳನ್ನು. ಎಲ್ಲ ಕಡೆಗೂ ಒಂದೇ ಪ್ರತಿ ಕಳಿಸುತ್ತಿದ್ದೀರಾ, ನೋಡಿಕೊಳ್ಳಿ. ಕರೆ ಬಂದು ಇಂಟರ್‌ವ್ಯೂನಲ್ಲಿ ನಿಂತುಹೋಗುತ್ತಿದ್ದರೆ ಆಗ ಮಾತಿನ ತಯಾರಿ ಬೇಕು. ‘ಹಿಂದಿನ ಕೆಲಸ ಯಾಕೆ ಹೋಯಿತು?’ ಎಂಬುದಕ್ಕೆ ಮೂರೇ ವಾಕ್ಯ ಸಿದ್ಧವಿರಲಿ: ಏನಾಯಿತು, ಅಲ್ಲಿ ಏನು ಮಾಡಿದ್ದೆ, ಈಗ ಏನು ಹುಡುಕುತ್ತಿದ್ದೇನೆ. ಅರ್ಧ ನಿಮಿಷದೊಳಗೆ ಮುಗಿಯುವವರೆಗೆ ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿ. ಉತ್ತರ ಉದ್ದವಾದಷ್ಟೂ ಹಳೆಯ ನೋವು ನುಸುಳುತ್ತದೆ.

ಪ್ರಶ್ನೆ: ಎಂಜಿನಿಯರಿಂಗ್ ಎರಡನೇ ವರ್ಷ. ಮೂರು ವಿಷಯ ಉಳಿದಿವೆ. ಟೆಸ್ಟ್ ಮಾಡಿಸಿದರೆ ‘ಕಲೆ’ ಎಂದು ಬಂತು. ಬಿಟ್ಟು ಡಿಸೈನ್‌ಗೆ ಸೇರಲೇ? ಅಪ್ಪ ಒಪ್ಪುತ್ತಿಲ್ಲ.

ಉತ್ತರ: ಟೆಸ್ಟ್ ಹೇಳಿತೆಂದು ಬಿಡಬೇಡಿ. ಮನಶ್ಶಾಸ್ತ್ರಜ್ಞ ಜಾನ್ ಹಾಲೆಂಡ್ 1959ರಲ್ಲಿ ಮುಂದಿಟ್ಟ, ವೃತ್ತಿಯ ಒಲವಿನ ಆರು ಬಗೆಗಳ (‘ಕಲೆ’ ಅವುಗಳಲ್ಲೊಂದು) ಆಧಾರದ ಮೇಲೆ ನಡೆಯುವ ಇಂಥ ಪರೀಕ್ಷೆಗಳು ಅಳೆಯುವುದು ಆಸಕ್ತಿಯನ್ನು, ಸಾಮರ್ಥ್ಯವನ್ನಲ್ಲ. ಅತಿ ಹೆಚ್ಚು ಅಂಕ ಬಂದ ಬಗೆ ಮತ್ತು ಅದರ ನಂತರದ ಬಗೆಯ ಅಂಕಗಳು ಹತ್ತಿರ ಹತ್ತಿರ ಇದ್ದರೆ ‘ಕಲೆ’ ಎಂಬ ಒಂದೇ ಪದ ದಾರಿ ತಪ್ಪಿಸುತ್ತದೆ. ಫೇಲಾಗಿ ಮನಸ್ಸು ಕುಗ್ಗಿರುವಾಗ ಓದುತ್ತಿರುವ ವಿಷಯಕ್ಕೆಲ್ಲ ‘ಇಷ್ಟವಿಲ್ಲ’ ಎಂದು ಗುರುತು ಹಾಕುವುದೂ ಉಂಟು. ಬೇಸರ ಇರುವುದು ವಿಷಯದ ಮೇಲೋ, ಪಾಠದ ರೀತಿಯ ಮೇಲೋ, ಉಳಿದ ಮೂರು ಪೇಪರ್‌ಗಳ ಭಯವೋ ಎಂದು ಸಲಹೆಗಾರರೊಡನೆ ಬಿಡಿಸಿ ನೋಡಿ.

ಆಮೇಲೆ ಒಂದು ಸಣ್ಣ ಡಿಸೈನ್ ಕೆಲಸವನ್ನು ಇಪ್ಪತ್ತು ಗಂಟೆ ಕೂತು ಮುಗಿಸಿ. ಗಿರಾಕಿ ಮೂರನೇ ಸಲ ‘ಬದಲಿಸಿ’ ಎಂದಾಗಲೂ ಕೈ ಓಡುತ್ತದೆಯೇ? ಆ ಕ್ಷೇತ್ರದಲ್ಲಿ ಎರಡು ವರ್ಷ ಆದವರು, ಹತ್ತು ವರ್ಷ ಆದವರು, ಬಿಟ್ಟು ಬಂದವರು ಒಬ್ಬೊಬ್ಬರ ಜೊತೆ ಇಪ್ಪತ್ತು ನಿಮಿಷ ಮಾತಾಡಿ. ಕೆಲಸ ಕೇಳಬೇಡಿ, ನಿನ್ನೆಯ ದಿನ ಹೇಗೆ ಕಳೆಯಿತು ಎಂದು ಕೇಳಿ.

ಕಾಲೇಜಿನಲ್ಲಿ ಲಿಖಿತವಾಗಿ ಕೇಳಬೇಕಾದದ್ದು: ತಾತ್ಕಾಲಿಕ ಬಿಡುವು ಸಿಗುತ್ತದೆಯೇ, ಗಳಿಸಿದ ಕ್ರೆಡಿಟ್ ಹೊಸ ಕೋರ್ಸಿಗೆ ನಡೆಯುತ್ತದೆಯೇ, ಸಾಲ ಅಥವಾ ವಿದ್ಯಾರ್ಥಿವೇತನದ ಷರತ್ತೇನು. ಬಾಯಿಮಾತಿನ ಭರವಸೆ ನಂಬಿ ವರ್ಷ ಕಳೆದುಕೊಂಡವರು ಇದ್ದಾರೆ. ಅಪ್ಪನನ್ನು ಒಂದು ಭೇಟಿಗೆ ಕರೆದೊಯ್ಯಿರಿ. ಅವರ ‘ಬೇಡ’ದ ಹಿಂದೆ ಹಣದ ಚಿಂತೆ ಇದ್ದರೆ ಲೆಕ್ಕ ತೋರಿಸಿ ಮಾತಾಡಬಹುದು.

ಪ್ರಶ್ನೆ: ಒಳ್ಳೆಯ ಸಲಹೆಗಾರರನ್ನು ಗುರುತಿಸುವುದು ಹೇಗೆ?

ಉತ್ತರ: ನಿಮ್ಮ ಅನುಭವವನ್ನು ನಿಮ್ಮಿಂದಲೇ ಬರೆಯಿಸುತ್ತಾರೆಯೇ, ಟೆಸ್ಟಿನ ಫಲಿತಾಂಶವನ್ನು ನಿಮ್ಮ ಬದುಕಿಗೆ ಹೊಂದಿಸಿ ವಿವರಿಸುತ್ತಾರೆಯೇ, ಕೆಲಸಗಳ ಬಗ್ಗೆ ಸರಿಯಾದ ಮಾಹಿತಿ ಹುಡುಕಿಸುತ್ತಾರೆಯೇ ನೋಡಿ. ಸಾಮಾನ್ಯವಾಗಿ ನಾಲ್ಕೈದು ಭೇಟಿ ಬೇಕಾಗುತ್ತದೆ. ಅರ್ಧ ಗಂಟೆಯಲ್ಲಿ ‘ನೀವು ಇದೇ ಆಗಬೇಕು’ ಎಂದು ಬರೆದುಕೊಡುವವರ ಬಳಿ ಎರಡನೇ ಸಲ ಹೋಗಬೇಡಿ.