ಜಾಹೀರಾತಿಗಿಂತ ಮೊದಲು ಒಂದು ರೂಮು, ಒಂದು ಊಟ

ನೀವು ಕೇಳಿರುವುದು ಇಷ್ಟು: ಕರ್ನಾಟಕ ಸರ್ಕಾರ ಪ್ರವಾಸೋದ್ಯಮವನ್ನು ಹೇಗೆ ಬೆಳೆಸುತ್ತದೆ, ವಿಮಾನ ನಿಲ್ದಾಣದಲ್ಲಿ ದೊಡ್ಡ ಫೋಟೊ ಹಾಕುವುದು ಬಿಟ್ಟು ಬೇರೇನಾದರೂ ಮಾಡುತ್ತದಾ, ಗದಗ ಹತ್ತಿರದ ನಿಮ್ಮೂರು ಲಕ್ಕುಂಡಿಗೆ ಅದರಿಂದ ಏನು ಉಪಯೋಗ ಅಂತ.

ಖಂಡಿತ ಮಾಡುತ್ತದೆ. ಫೋಟೊ, ವಿಡಿಯೊ, 'ಒಂದು ರಾಜ್ಯ, ಹಲವು ಜಗತ್ತು' ಅನ್ನುವ ಘೋಷಣೆ, ಇವೆಲ್ಲ ಕಣ್ಣಿಗೆ ಬೀಳುವ ಭಾಗ. ನಾನು ಹೊಸಪೇಟೆಯಲ್ಲಿ ಟೂರ್ ಏರ್ಪಾಡು ಮಾಡುವ ಕೆಲಸದಲ್ಲಿದ್ದೇನೆ. ನನಗೆ ಕಂಡ ಮಟ್ಟಿಗೆ ಸರ್ಕಾರ ಮಾಡಿದ ಅತಿ ಒಳ್ಳೆಯ ಪ್ರಚಾರ ಬೇರೆ. ಖಾಸಗಿಯವರು ದುಡ್ಡು ಹಾಕಲು ಹಿಂಜರಿಯುತ್ತಿದ್ದ ಊರುಗಳಲ್ಲಿ ಒಂದು ರೂಮು, ಒಂದು ಊಟ, ಒಂದು ಬಸ್ಸು ಸಿಗುವ ಹಾಗೆ ಮಾಡಿದ್ದು.

ಯಾರು ಏನು ಮಾಡುತ್ತಾರೆ ಅಂತ ಮೊದಲು ಹೇಳಿಬಿಡುತ್ತೇನೆ. ಪ್ರವಾಸೋದ್ಯಮ ಇಲಾಖೆ ನೀತಿ ಮಾಡುತ್ತದೆ, ಸಹಾಯಧನ ಕೊಡುತ್ತದೆ, ಹೋಮ್‌ಸ್ಟೇ ನೋಂದಣಿ ನೋಡಿಕೊಳ್ಳುತ್ತದೆ, ಗೈಡುಗಳಿಗೆ ತರಬೇತಿ ಕೊಡಿಸುತ್ತದೆ. 1971ರಲ್ಲಿ ಶುರುವಾದ ಕೆಎಸ್‌ಟಿಡಿಸಿ ಅಂದರೆ ಪ್ರವಾಸೋದ್ಯಮ ಅಭಿವೃದ್ಧಿ ನಿಗಮ, ಹೋಟೆಲು ಮತ್ತು ಪ್ಯಾಕೇಜ್ ಬಸ್ಸು ನಡೆಸುತ್ತದೆ. ಕಾಡಿನ ವಾಸ್ತವ್ಯಕ್ಕೆ ಜಂಗಲ್ ಲಾಡ್ಜಸ್ ಅನ್ನುವ ಸರ್ಕಾರಿ ಕಂಪನಿ ಇದೆ. ಆದರೆ ಜನ ನೋಡಲು ಬರುವ ವಸ್ತು ಇವರ ಯಾರ ಕೈಯಲ್ಲೂ ಇಲ್ಲ! ಹಂಪಿಯ ವಿಠ್ಠಲ ದೇವಾಲಯ ಕೇಂದ್ರದ ಪುರಾತತ್ವ ಇಲಾಖೆಯದು. ಕಾಡು ಅರಣ್ಯ ಇಲಾಖೆಯದು. ರಸ್ತೆ ಲೋಕೋಪಯೋಗಿಯವರದು. ಒಂದು ಶೌಚಾಲಯ ಕಟ್ಟಬೇಕಾದರೂ ಇನ್ನೊಬ್ಬರ ಒಪ್ಪಿಗೆಗೆ ಕಾಯಬೇಕು. ಕೆಲಸ ಯಾಕೆ ನಿಧಾನ ಅಂತ ಬೈಯುವವರು ಇದನ್ನು ತಿಳಿದಿರಬೇಕು.

ಈಗ ಮಯೂರ ಹೋಟೆಲುಗಳ ವಿಷಯ. ಬಾದಾಮಿಯಲ್ಲಿ ಮಯೂರ ಚಾಲುಕ್ಯ, ಕಮಲಾಪುರದಲ್ಲಿ ಮಯೂರ ಭುವನೇಶ್ವರಿ, ವಿಜಯಪುರದಲ್ಲಿ ಮಯೂರ ಆದಿಲ್‌ಶಾಹಿ, ಬೀದರಿನಲ್ಲಿ ಮಯೂರ ಬರೀದ್‌ಶಾಹಿ, ಜೋಗದಲ್ಲಿ ಮಯೂರ ಗೇರುಸೊಪ್ಪ. ಕಟ್ಟಡ ಹಳೆಯದು, ಸರ್ವಿಸ್ ನಿಧಾನ ಅಂತ ಗೊಣಗುವವರು ಇದ್ದೇ ಇರುತ್ತಾರೆ. ನಾನೂ ಕೇಳಿದ್ದೇನೆ. ಆದರೆ ಜಾಗ ನೋಡಿ, ಒಂದೊಂದೂ ಎಂಥಾ ಕಡೆ ಇದೆ! ಒಳ್ಳೆಯ ಲಾಡ್ಜು ಸಿಗುವುದೇ ಕಷ್ಟವಿದ್ದ ಕಾಲದಲ್ಲಿ ಹೆಂಡತಿ ಮಕ್ಕಳನ್ನು ಕರೆದುಕೊಂಡು ಧೈರ್ಯವಾಗಿ ಇಳಿದುಕೊಳ್ಳುವ ಜಾಗ ಅಂದರೆ ಇವೇ ಆಗಿದ್ದವು.

ರಾತ್ರಿ ತಂಗುವುದಕ್ಕೂ ಹಾಗೇ ನೋಡಿಕೊಂಡು ಹೋಗುವುದಕ್ಕೂ ಇರುವ ವ್ಯತ್ಯಾಸ ಬಾದಾಮಿಯಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಹಗಲು ಬಂದವರು ಮೇಣಬಸದಿ ಅಂದರೆ ಗುಹಾ ದೇವಾಲಯ ಹತ್ತಿ ಇಳಿದು, ನೀರಿನ ಬಾಟಲಿ ಕೊಂಡು ಹೊರಟುಬಿಡುತ್ತಾರೆ. ಊರಿಗೆ ಸಿಕ್ಕಿದ್ದು ಬಾಟಲಿ ದುಡ್ಡು. ತಂಗಿದವರು ಸಂಜೆ ಅಗಸ್ತ್ಯ ತೀರ್ಥದ ದಂಡೆಗೆ ಬರುತ್ತಾರೆ. ಇಳಿಬಿಸಿಲು ಭೂತನಾಥ ಗುಡಿಯ ಮೇಲೆ ಬೀಳುವ ಹೊತ್ತು, ಹಿಂದಿನ ಬಂಡೆಗಳೆಲ್ಲ ಕೆಂಪಾಗಿರುತ್ತವೆ. ಮಾರನೇ ದಿನ ಆಟೋ ಮಾಡಿಕೊಂಡು ಬನಶಂಕರಿಗೆ ಹೋಗುತ್ತಾರೆ. ಅಲ್ಲಿ ಗುಡಿ ಹತ್ತಿರ ಹೆಣ್ಣುಮಕ್ಕಳು ಬುಟ್ಟಿ ತುಂಬ ರೊಟ್ಟಿ ತಂದು ಕೂತಿರುತ್ತಾರೆ. ಎರಡು ರೊಟ್ಟಿ, ಮೇಲೆ ಕಾಳು ಪಲ್ಯ, ಪಕ್ಕಕ್ಕೆ ಕೆಂಪು ಚಟ್ನಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಬೆಂಗಳೂರಿನವರು ತಿಂದು ಕಣ್ಣಲ್ಲಿ ನೀರು ಬಂದರೂ ಇನ್ನೊಂದು ರೊಟ್ಟಿ ಹಾಕಿಸಿಕೊಳ್ಳುತ್ತಾರೆ. ಹಾಗೇ ಗುಳೇದಗುಡ್ಡಕ್ಕೆ ಹೋಗಿ ಖಣ ಅಂದರೆ ಕುಪ್ಪಸದ ಬಟ್ಟೆ ನೋಡಿಕೊಂಡು ಬರುವವರೂ ಇದ್ದಾರೆ. ಒಂದೇ ಒಂದು ರಾತ್ರಿ ಜಾಸ್ತಿ ಉಳಿದರೆ ದುಡ್ಡು ಎಷ್ಟು ಕೈಗೆ ಹಂಚಿಹೋಗುತ್ತದೆ ನೋಡಿ. ಬರುವವರ ಲೆಕ್ಕ ಇಡುವ ಬದಲು ಎಷ್ಟು ರಾತ್ರಿ ಉಳಿದರು ಅಂತ ಲೆಕ್ಕ ಇಟ್ಟರೆ ನಮ್ಮ ಉತ್ತರ ಕರ್ನಾಟಕಕ್ಕೆ ನಿಜವಾದ ಲಾಭ.

ಕಬಿನಿಯ ಕಥೆಯೂ ಇಂಥದ್ದೇ. 1970ರ ದಶಕದಲ್ಲಿ ಅಣೆಕಟ್ಟು ಆಯಿತು. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ದಂಡೆಯಲ್ಲಿ ಹಸಿ ಹುಲ್ಲು ಬರುತ್ತದೆ, ಆನೆಗಳು ಹಿಂಡು ಹಿಂಡಾಗಿ ಇಳಿಯುತ್ತವೆ. ಇದನ್ನು ಕಾಡಿಗೆ ತೊಂದರೆಯಾಗದ ಹಾಗೆ ಜನರಿಗೆ ತೋರಿಸಬಹುದು ಅಂತ 1980ರಲ್ಲಿ ರಾಜ್ಯ ಸರ್ಕಾರ ನೇಪಾಳದ ಟೈಗರ್ ಟಾಪ್ಸ್ ಅನ್ನುವ ಕಾಡು ರೆಸಾರ್ಟ್ ಕಂಪನಿ ಜೊತೆ ಸೇರಿ ಜಂಗಲ್ ಲಾಡ್ಜಸ್ ಶುರು ಮಾಡಿತು. ಕಾರಾಪುರದಲ್ಲಿ ಮೈಸೂರು ಮಹಾರಾಜರ ಬೇಟೆಯ ಬಂಗಲೆ ಇತ್ತು, ಅಲ್ಲಿಂದಲೇ ಕೆಲಸ. ಅದನ್ನು ಕಟ್ಟಿ ಬೆಳೆಸಿದವರಲ್ಲಿ ಕರ್ನಲ್ ಜಾನ್ ವೇಕ್‌ಫೀಲ್ಡ್ ದೊಡ್ಡ ಹೆಸರು. 'ಪಾಪಾ' ಅಂತ ಎಲ್ಲರೂ ಕರೆಯುತ್ತಿದ್ದ ಆತ 2010ರಲ್ಲಿ ತೀರಿಕೊಳ್ಳುವ ತನಕ ಕಬಿನಿಯಲ್ಲೇ ಇದ್ದರು. ಕಂಪನಿ 1980ರ ದಶಕದಲ್ಲೇ ಪೂರ್ತಿ ಸರ್ಕಾರದ್ದಾಯಿತು, ಆಮೇಲೆ ಬೇರೆ ಕಾಡುಗಳಿಗೂ ಹಬ್ಬಿತು. ಇವತ್ತು ಕಬಿನಿ ದಂಡೆಯಲ್ಲಿ ಖಾಸಗಿ ರೆಸಾರ್ಟುಗಳು ಸಾಲಾಗಿ ನಿಂತಿವೆ. ಮೊದಲ ಹೆಜ್ಜೆ ಇಟ್ಟಿದ್ದು ಸರ್ಕಾರ, ಇದನ್ನು ಮರೆಯಬಾರದು. ಒಂದೇ ಬೇಸರ ಅಂದರೆ ಅಲ್ಲಿನ ದರ. ಹೆಗ್ಗಡದೇವನಕೋಟೆಯ ಒಬ್ಬ ಮೇಷ್ಟ್ರು ಮನೆಮಂದಿಯನ್ನು ಕರೆದುಕೊಂಡು ಹೋಗಿ ಉಳಿಯುವುದು ಕಷ್ಟ. ಸರ್ಕಾರದ ಕಂಪನಿ ನಮ್ಮ ಶಾಲಾ ಮಕ್ಕಳಿಗಾದರೂ ಒಂದಷ್ಟು ಜಾಗ ಇಡಬೇಕು ಅಂತ ನನ್ನ ಆಸೆ.

ಕೆಎಸ್‌ಟಿಡಿಸಿ 2008ರಲ್ಲಿ ಓಡಿಸಲು ಶುರು ಮಾಡಿದ ಗೋಲ್ಡನ್ ಚಾರಿಯಟ್ ಐಷಾರಾಮಿ ಪ್ರವಾಸಿ ರೈಲು ಶ್ರೀಮಂತರಿಗೆ ಅಂತ ಟೀಕೆ ಬಂತು. ನಿಜ, ಟಿಕೆಟ್ ದುಬಾರಿ. ಆದರೂ ಬಾದಾಮಿ, ಹಳೇಬೀಡು ಅನ್ನುವ ಹೆಸರುಗಳನ್ನು ಹೊರದೇಶದ ಏಜೆಂಟರ ಪಟ್ಟಿಗೆ ಸೇರಿಸುವುದರಲ್ಲಿ ಅದರ ಪಾತ್ರ ಇದೆ. ಈಗ ಅದನ್ನು ಕೇಂದ್ರ ರೈಲ್ವೆಯ ಕಂಪನಿ ಐಆರ್‌ಸಿಟಿಸಿ ನಡೆಸುತ್ತದೆ. ಬರ್ಲಿನ್, ಲಂಡನ್ನಿನ ಪ್ರವಾಸಿ ಮೇಳಗಳಲ್ಲಿ ಮಳಿಗೆ ಹಾಕುವುದು, ಏಜೆಂಟರನ್ನು, ಬರಹಗಾರರನ್ನು ಕರೆತಂದು ಊರು ತೋರಿಸುವುದು ಕೂಡ ಇದೇ ಜಾತಿಯ ಕೆಲಸ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೊ ಪಟ್ಟಿಗೆ ಸೇರಿದ ಮೇಲೆ ಮೇಳದಲ್ಲಿ ಹೇಳಿಕೊಳ್ಳಲು ಇನ್ನೊಂದು ಗಟ್ಟಿ ವಿಷಯ ಸಿಕ್ಕಿತು.

ಉತ್ಸವಗಳ ಬಗ್ಗೆ ನನಗೆ ಎರಡು ಮನಸ್ಸು. ಉಪಮುಖ್ಯಮಂತ್ರಿಯೂ ಆಗಿದ್ದ ಎಂ.ಪಿ. ಪ್ರಕಾಶ್ ಅವರ ಆಸಕ್ತಿಯಿಂದ ಬೆಳೆದ ಹಂಪಿ ಉತ್ಸವ ನಮ್ಮ ಕಡೆಯ ಕಲಾವಿದರಿಗೆ ದೊಡ್ಡ ವೇದಿಕೆ. ಆ ದಿನಗಳಲ್ಲಿ ಹೊಸಪೇಟೆಯಲ್ಲಿ ರೂಮು ಸಿಗುವುದಿಲ್ಲ. ಆದರೆ ಉತ್ಸವ ಇಲ್ಲದ ಮೇ ತಿಂಗಳ ಉರಿಬಿಸಿಲಿನಲ್ಲಿ ಬಂದವರಿಗೆ ನೆರಳು, ಕುಡಿಯುವ ನೀರು ಬೇಕಲ್ವಾ? ಅದಕ್ಕೂ ಅಷ್ಟೇ ಉತ್ಸಾಹದಿಂದ ಖರ್ಚು ಮಾಡಬೇಕು.

ಇನ್ನೊಂದು ಮಾತು. ಇತ್ತೀಚಿನ ವರ್ಷಗಳಲ್ಲಿ ನಮ್ಮ ಜನರನ್ನೇ ನಮ್ಮ ರಾಜ್ಯ ನೋಡಲು ಹೊರಡಿಸಿದ್ದು ಯಾವ ಜಾಹೀರಾತೂ ಅಲ್ಲ, 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆ. ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಚಾರ್ಜು ಇಲ್ಲ ಅಂದ ತಕ್ಷಣ ಧರ್ಮಸ್ಥಳ, ಕುಕ್ಕೆಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳೇ ಹೆಣ್ಣುಮಕ್ಕಳು. ಮಾಡಿದ್ದು ಪ್ರವಾಸೋದ್ಯಮ ಇಲಾಖೆಯಲ್ಲ, ಆದರೂ ನನ್ನ ಲೆಕ್ಕದಲ್ಲಿ ಇದು ಪ್ರವಾಸೋದ್ಯಮವೇ. ಹೋಗಲು ಮನಸ್ಸಿದ್ದು, ಕೈಯಲ್ಲಿ ಕಾಸಿಲ್ಲದೆ ಮನೆಯಲ್ಲೇ ಕೂತಿದ್ದವರು ಎಷ್ಟು ಜನ ಇದ್ದರು ಅನ್ನುವುದು ಆಗ ಗೊತ್ತಾಯಿತು.

ಇನ್ನು ನಿಮ್ಮ ಲಕ್ಕುಂಡಿ. ನಿಮಗೆ ಜಾಹೀರಾತಿನ ಕೊರತೆ ಇಲ್ಲ, ಜನ ನಿಲ್ಲಲು ಕಾರಣದ ಕೊರತೆ. ಹುಬ್ಬಳ್ಳಿಯಿಂದ ಹಂಪಿಗೆ ಹೋಗುವ ಗಾಡಿಗಳು ನಿಮ್ಮ ಊರಿನ ಪಕ್ಕದಲ್ಲೇ ಹಾದುಹೋಗುತ್ತವೆ. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯ ಇದೆ, ಕಾಶಿ ವಿಶ್ವೇಶ್ವರ ಗುಡಿಯ ಬಾಗಿಲವಾಡದ ಕೆತ್ತನೆ ಇದೆ, ಮೆಟ್ಟಿಲು ಬಾವಿಗಳಿವೆ. ಆದರೆ ಡ್ರೈವರ್ ಗಾಡಿ ನಿಲ್ಲಿಸುವುದು ಚೊಕ್ಕ ಶೌಚಾಲಯ ಮತ್ತು ಊಟ ಇರುವ ಕಡೆ. ಗದಗದ ಜಿಲ್ಲಾ ಪ್ರವಾಸೋದ್ಯಮ ಕಚೇರಿಗೆ ಹೋಗುವಾಗ ಸುಮ್ನೆ 'ನಮ್ಮೂರನ್ನು ಅಭಿವೃದ್ಧಿ ಮಾಡಿ' ಅಂತ ಅರ್ಜಿ ಕೊಡಬೇಡಿ. ಪಂಚಾಯಿತಿಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ ಮೂರು ವಿಷಯ ಕೇಳಿ: ಶೌಚಾಲಯ ಮತ್ತು ಅದನ್ನು ತೊಳೆಯುವವರ ಸಂಬಳ, ಊರಿನ ಹುಡುಗ ಹುಡುಗಿಯರಿಗೆ ಗೈಡ್ ತರಬೇತಿ, ಹೋಮ್‌ಸ್ಟೇ ನೋಂದಣಿಗೆ ಸಹಾಯ. ರೊಟ್ಟಿ ಊಟದ ಒಂದು ಮನೆ ನೀವೇ ಶುರು ಮಾಡಬಹುದು, ಅದಕ್ಕೆ ಯಾರನ್ನೂ ಕಾಯುವುದು ಬೇಡ. ಊಟ, ಗೈಡು ಎರಡೂ ಸಿದ್ಧವಾದ ದಿನ ಇಲ್ಲೇ ಕಾಮೆಂಟಿನಲ್ಲಿ ಬರೆಯಿರಿ. ಹುಬ್ಬಳ್ಳಿಯಿಂದ ಬರುವ ನಮ್ಮ ಗಾಡಿಗಳನ್ನು ಮಧ್ಯಾಹ್ನ ಎರಡು ಗಂಟೆ ಹೊತ್ತು ನಿಮ್ಮಲ್ಲಿ ನಿಲ್ಲಿಸುವುದು ನನ್ನ ಜವಾಬ್ದಾರಿ.