ನಾಲ್ಕು ಹಸುವಿನ ಗೋಬರ್ ಗ್ಯಾಸ್ ಶುದ್ಧ ಮಾಡಿ ಓಮ್ನಿಗೆ ತುಂಬಿಸಬಹುದೇ?

ಯೂಟ್ಯೂಬ್ ವೀಡಿಯೊ ನೋಡಿ, ನಾಲ್ಕು ಹಸುವಿನ ಗ್ಯಾಸನ್ನು ಅಡುಗೆ ಸಿಲಿಂಡರಿಗೆ ತುಂಬಿ ಹಳೇ ಓಮ್ನಿ ಓಡಿಸಬಹುದೇ ಅಂತ ಕೇಳಿದ್ದೀರಿ. ನಾನೂ ಹೀಗೇ ಶುರು ಮಾಡಿದ್ದು. ನಮ್ಮದು ಶಿರಸಿ ಕಡೆ, ಕೊಟ್ಟಿಗೆ ಹಿಂದೆ ಅಪ್ಪ ಕಟ್ಟಿಸಿದ ದೀನಬಂಧು ಮಾದರಿಯ ಗೋಬರ್ ಗ್ಯಾಸ್ ಗುಂಡಿ. ಅದರ ಗ್ಯಾಸಿನಲ್ಲಿ ಮೀಥೇನ್ ನೂರಕ್ಕೆ 55-65, ಮಿಕ್ಕಿದ್ದು ಬಹುಪಾಲು ಇಂಗಾಲದ ಡೈಆಕ್ಸೈಡ್. ಗಾಡಿಗೆ 90ರ ಮೇಲೆ ಬೇಕು. ಒಂದು ಗೋಪುರ ನಿಲ್ಲಿಸಿ, ಒತ್ತಡ ಕೊಟ್ಟು ಕೆಳಗಿನಿಂದ ಗ್ಯಾಸ್, ಮೇಲಿನಿಂದ ನೀರು ಬಿಟ್ಟೆ. ಇಂಗಾಲದ ಡೈಆಕ್ಸೈಡ್ ನೀರಿನಲ್ಲಿ ಕರಗಿ ಹೋಗುತ್ತದೆ, ಮೀಥೇನ್ ಹೆಚ್ಚೇನೂ ಕರಗುವುದಿಲ್ಲ. ಅಷ್ಟು ಸಲೀಸಾಗಿಯೇ ಆಯಿತು.

ಹಾಳಾಗಿದ್ದು ಹೈಡ್ರೋಜನ್ ಸಲ್ಫೈಡಿನಿಂದ, ಅದೇ ಕೊಳೆತ ಮೊಟ್ಟೆ ವಾಸನೆಯದು. ಅದೂ ನೀರಿನಲ್ಲಿ ಕರಗುತ್ತದಲ್ಲ, ಬೇರೆ ಫಿಲ್ಟರ್ ಯಾಕೆ ಅಂದುಕೊಂಡೆ. ಹೊಸ ನೀರಾದರೆ ಆ ಲೆಕ್ಕ ಸರಿ. ಬೇಸಿಗೆ, ನೀರಿನ ತತ್ವಾರ, ಹಾಗಾಗಿ ಟ್ಯಾಂಕಿನ ನೀರನ್ನೇ ತಿರುಗಿಸಿ ತಿರುಗಿಸಿ ಬಿಟ್ಟೆ. ಸಲ್ಫೈಡ್ ತುಂಬಿಕೊಂಡ ನೀರು ಮತ್ತೆ ಎಳೆದುಕೊಳ್ಳುವುದಿಲ್ಲ. ಗಾಳಿ ತಾಗಿ ಗಂಧಕದ ಲೋಳೆಯಾಗಿ ಗೋಪುರದೊಳಗೆ ಕಟ್ಟಿಕೊಂಡಿತು. ವಾಸನೆ ಇಲ್ಲ, ಶುದ್ಧವಾಗಿದೆ ಅಂತ ನಾನು. ಈ ಗ್ಯಾಸ್ ಜಾಸ್ತಿಯಾದರೆ ಮೂಗೇ ಸತ್ತು ವಾಸನೆ ತಿಳಿಯುವುದಿಲ್ಲ, ಮೂಗನ್ನು ನಂಬಬೇಡಿ, ಜೀವಕ್ಕೇ ಅಪಾಯ. ಗೋಪುರದಿಂದ ಬರುವ ಗ್ಯಾಸ್ ಒದ್ದೆ ಬೇರೆ. ಸಲ್ಫೈಡಿಗೆ ತೇವ ಸೇರಿದರೆ ಆಮ್ಲ. ಸೆಕೆಂಡ್ ಹ್ಯಾಂಡ್ ಕಂಪ್ರೆಸರಿನ ಕಂಚಿನ ಬುಷ್ ಕಪ್ಪಾಗಿ, ವಾಲ್ವ್ ಕಚ್ಚಿಹೋಗಿ, ಕೊಂಡ ಬೆಲೆಗಿಂತ ರಿಪೇರಿಯೇ ದುಬಾರಿ ಅಂದ ಮೆಕ್ಯಾನಿಕ್. ಗೋಪುರಕ್ಕೆ ಮೊದಲು ಸಲ್ಫೈಡ್ ಹಿಡಿಯಲು ತುಕ್ಕು ಹಿಡಿಸಿದ ಕಬ್ಬಿಣದ ಚೂರಿನ ಡಬ್ಬಿ, ಆಮೇಲೆ ತೇವ ಹೀರಲು ಸಿಲಿಕಾ ಜೆಲ್, ನಡುವೆ ಲೆಡ್ ಅಸಿಟೇಟ್ ಕಾಗದ (ಸಲ್ಫೈಡ್ ಇದ್ದರೆ ಕಪ್ಪಾಗುತ್ತದೆ) ಇಟ್ಟಿದ್ದರೆ ಯಂತ್ರ ಉಳಿಯುತ್ತಿತ್ತು. ಬಳಸಿದ ಆ ಕಬ್ಬಿಣ ಗಾಳಿಗೆ ತೆರೆದರೆ ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು, ಮೊದಲು ನೆನೆಸಿ.

ಇಷ್ಟೆಲ್ಲ ಹೇಳಿದ್ದು ನೀವು ಮಾಡಲಿ ಅಂತಲ್ಲ. ಅಡುಗೆ ಸಿಲಿಂಡರಿಗೆ ತುಂಬುತ್ತೇನೆ ಅಂದಿದ್ದೀರಿ, ಅದನ್ನಂತೂ ಬಿಟ್ಟುಬಿಡಿ. ಮೀಥೇನ್ ಎಲ್‌ಪಿಜಿ ಹಾಗೆ ಒತ್ತಿದರೆ ದ್ರವ ಆಗುವುದಿಲ್ಲ, ಸೊನ್ನೆಗಿಂತ 82 ಡಿಗ್ರಿ ಕೆಳಗಿಳಿಯಬೇಕು. ಅದಕ್ಕೇ ಸಿಎನ್‌ಜಿಗೆ 200 ಬಾರ್ ಒತ್ತಡ, ಬೇರೆಯೇ ಸಿಲಿಂಡರ್, ಪರವಾನಗಿ. ಲೆಕ್ಕವನ್ನಾದರೂ ನೋಡಿ: ನಾಲ್ಕು ಹಸುವಿನ 40 ಕಿಲೋ ಸೆಗಣಿಗೆ ದಿನಕ್ಕೆ ಒಂದೂವರೆ ಘನ ಮೀಟರ್ ಗ್ಯಾಸ್, ಅದರಲ್ಲಿ ಮೀಥೇನ್ ಮುಕ್ಕಾಲು ಕಿಲೋನೂ ಇಲ್ಲ. ಪೇಟೆಗೆ ಹೋಗಿ ಬರುವಷ್ಟರಲ್ಲಿ ಮುಗಿಯಿತು, ಮನೆಯ ಒಲೆಯೂ ಆರಿತು. ಇಂದೋರ್‌ನಲ್ಲಿ 2022ರಲ್ಲಿ ಶುರುವಾದ ಘಟಕ ಸಿಟಿ ಬಸ್ಸಿಗೆ ಗ್ಯಾಸ್ ಕೊಡುತ್ತದೆ ನಿಜ, ಆದರೆ ಅದು ದಿನಕ್ಕೆ 550 ಟನ್ ಹಸಿ ಕಸದ ಲೆಕ್ಕದಲ್ಲಿ ಕಟ್ಟಿದ್ದು. ಗುಜರಾತಿನ ಬನಾಸ್ ಡೇರಿ ಹಾಗೆ ನಿಮ್ಮ ಹಾಲಿನ ಸೊಸೈಟಿ ಊರಿನ ಸೆಗಣಿಯನ್ನೆಲ್ಲ ಕೊಳ್ಳುವುದಾದರೆ ಮಾತು ಬೇರೆ.

ಎಂಜಿನ್ ಹುಚ್ಚು ಬಿಡದಿದ್ದರೆ ತೋಟದ ಡೀಸೆಲ್ ಪಂಪ್‌ಸೆಟ್ ಇದೆಯಲ್ಲ. ಗಾಳಿ ಎಳೆಯುವ ಬಾಯಿಗೇ ಗ್ಯಾಸ್ ಪೈಪ್ ಕೊಡಿ. ಕಂಪ್ರೆಸರ್ ಬೇಡ, ಗೋಪುರವೂ ಬೇಡ, ಡೀಸೆಲ್ ಅರ್ಧಕ್ಕಿಂತ ಜಾಸ್ತಿ ಉಳಿಯುತ್ತದೆ. ಕಬ್ಬಿಣದ ಡಬ್ಬಿ ಮಾತ್ರ ಅಲ್ಲೂ ಬೇಕು.